ಇಚಲಕರಂಜಿಯ ಮತದಾರ

ಐನಾಪುರದ ಧರೆಪ್ಪ ಮಹಾರಾಷ್ಟ್ರದ ಇಚಲಕರಂಜಿಯನ್ನು ನೋಡಿದ್ದು ಒಂದೇ ಸಲ, ಅದೂ ಬಸ್ಸಿನ ಕಿಟಕಿಯಿಂದ. ಆದರೂ ಅವನು ಕಾಯಂ ಅಲ್ಲಿಗೇ ಹೋದನೆಂದು ಸರಕಾರಿ ಕಾಗದ ಹೇಳುತ್ತದೆ.

ಅವನು ಎಂಟು ವರ್ಷ ಇದ್ದದ್ದು ಹಿಂಡಲಗಾ ಜೈಲಿನಲ್ಲಿ. ಕಬ್ಬಿಗೆ ನೀರು ಬಿಡುವ ಪಾಳಿಯ ಜಗಳ, ಕೈಯಲ್ಲಿದ್ದ ಸಲಿಕೆ, ಒಂದೇ ಏಟು. ಎದುರಿನವ ಮತ್ತೆ ಏಳಲಿಲ್ಲ. ಒಳಗಿದ್ದಾಗ ಪಕ್ಕದ ಬ್ಯಾರಕ್ಕಿನ ವಿಚಾರಣಾ ಕೈದಿಯೊಬ್ಬ ಅಲ್ಲಿಂದಲೇ ಐನಾಪುರದ ಕ್ಷೇತ್ರಕ್ಕೆ ಚುನಾವಣೆಗೆ ನಿಂತು, ಗೆದ್ದು, ಹಾರ ಹಾಕಿಸಿಕೊಂಡು ಹೊರಗೆ ಹೋದ. ಒಳಗಿದ್ದವನು ಓಟು ಕೇಳಬಹುದು, ಹಾಕುವಂತಿಲ್ಲ. ಅಂಗಡಿ ಇಡಬಹುದು, ಸಾಮಾನು ಕೊಳ್ಳುವಂತಿಲ್ಲ ಅಂದಂಗೆ. ಅಂದಿನಿಂದ ಧರೆಪ್ಪನಿಗೆ ಒಂದೇ ಆಸೆ: ಬಿಡುಗಡೆಯಾಗಿ ತನ್ನೂರ ಶಾಲೆಯ ಸಾಲಿನಲ್ಲಿ ನಿಂತು ಆ ಮನುಷ್ಯನ ವಿರುದ್ಧ ಗುಂಡಿ ಒತ್ತುವುದು. ಹೊರಗೆ ಬಂದವನಿಗೆ ಓಟು ಇದೆಯೆಂದು ವಕೀಲರೂ ಹೇಳಿದ್ದರು.

ಬಂದು ನೋಡಿದರೆ ಮತದಾರರ ಯಾದಿಯಲ್ಲಿ ಹೆಸರೇ ಇಲ್ಲ. ಹೆಂಡತಿ ಸೋನಾಬಾಯಿ ಸೆರಗು ಬಾಯಿಗೊತ್ತಿಕೊಂಡು ನಡೆದದ್ದು ಹೇಳಿದಳು. ಮಗಳು ಸಾರಿಕಾಳನ್ನು ನೋಡಲು ಕಾಗವಾಡದ ಬೀಗರು ಬಂದು ಅವಲಕ್ಕಿ ತಿನ್ನುತ್ತಿದ್ದ ಹೊತ್ತಿಗೇ ಮತದಾರರ ತಪಾಸಣೆಯ ಕೆಲಸವೂ ಇದ್ದ ಅಂಗನವಾಡಿಯ ಶೈಲಾ ಅಕ್ಕೋರು ಯಾದಿ ಹಿಡಿದು ಬಂದು, ಧರೆಪ್ಪ ಎಲ್ಲಿ ಎಂದು ಬಾಯಿತಪ್ಪಿ ಕೇಳಿದರಂತೆ. ಮಗ್ಗದ ಕೆಲಸಕ್ಕೆ ಇಚಲಕರಂಜಿಗೆ ಹೋಗಿ ಅಲ್ಲೇ ಕಾಯಂ ಆಗಿದ್ದಾರೆಂದು ಬೀಗರಿಗೆ ಹೇಳಿದ ಸುಳ್ಳನ್ನೇ ಸೋನಾಬಾಯಿ ಮತ್ತೆ ಹೇಳಿದಳು, ಹೆಸರು ತೆಗೆಯುವ ಅರ್ಜಿಗೆ ಸಹಿಯನ್ನೂ ಹಾಕಿದಳು. ಹೆಣ್ಣಿನ ಲಗ್ನವೆಂದು ಊರೂ ಬಾಯಿ ಮುಚ್ಚಿಕೊಂಡಿತು.

ಹೆಸರು ಮತ್ತೆ ಸೇರಿಸಲು ಇಚಲಕರಂಜಿಯ ಕಾಗದ ಬೇಕು, ಇಲ್ಲವೇ ಇಷ್ಟು ದಿನ ಎಲ್ಲಿದ್ದನೆಂಬ ಪುರಾವೆ ಬೇಕು ಎಂದರು ಶೈಲಾ. ಅವನ ಬಳಿ ಇದ್ದದ್ದು ಜೈಲಿನ ಬಿಡುಗಡೆ ಚೀಟಿಯೊಂದೇ. ಅದನ್ನು ಕೊಟ್ಟರೆ ಸುದ್ದಿ ಬೀಗರ ಮನೆ ಮುಟ್ಟುತ್ತದೆಂದು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡ.

ಚುನಾವಣೆ ಬಂತು. ಬೀಗ ಕಾಕಾಸಾಹೇಬರು, ಪಕ್ಷದ ಓಡಾಟದ ಮನುಷ್ಯ, ಅರ್ಜಿಗಳ ಕಟ್ಟು ಹಿಡಿದು ಬಂದು ಹೊರಸಿನ ಮೇಲೆ ಕುಳಿತರು.

"ಬೀಗರ, ನಿಮ್ಮ ಓಟು ಇಲ್ಲಿಗೆ ತರಸೂಣು. ಅಲ್ಲೀದು ಒಂದು ಕಾಗದ ಕೊಡ್ರಿ, ಉಳದದ್ದು ನನಗ ಬಿಡ್ರಿ."

ಧರೆಪ್ಪನ ಕೈ ಅಂಗಿಯ ಕಿಸೆಗೆ ಹೋಯಿತು. ತವರಿಗೆ ಬಂದಿದ್ದ ಸಾರಿಕಾ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೈ ಬರಿದೇ ಹೊರಬಂತು.

"ಇರಲಿ ಬಿಡ್ರಿ, ಅಲ್ಲೇ ಇರಲಿ."

ಕಾಕಾಸಾಹೇಬರು ನಕ್ಕು ತಮ್ಮ ಉಮೇದುವಾರನನ್ನು ಹೊಗಳತೊಡಗಿದರು. ಅದೇ ಹಾರದ ಮನುಷ್ಯ.

"ಭಾಳ ಸಜ್ಜನ. ನೀವು ಹೊರಗಿನವರು, ನಿಮಗ ಗೊತ್ತಿರೂದಿಲ್ಲ."

"ಹೌದ್ರಿ," ಎಂದ ಧರೆಪ್ಪ. "ನಾವು ಹೊರಗಿನವರು."

ಓಟಿನ ದಿನ ಸೋನಾಬಾಯಿ ಬೀಗರ ಜೀಪಿನಲ್ಲಿ ಹೋಗಿ ಬಂದಳು. ಯಾರಿಗೆ ಹಾಕಿದೆಯೆಂದು ಅವನು ಕೇಳಲಿಲ್ಲ. ಶಾಯಿ ಹತ್ತಿದ ಬೆರಳನ್ನು ಹಿಟ್ಟಿನಲ್ಲಿ ಹುದುಗಿಸಿ ಅವಳು ರೊಟ್ಟಿ ಬಡಿಯತೊಡಗಿದಳು.