ಅನುಭವದ ಸಾಲಿನಲ್ಲಿ ಮೂರು ವರ್ಷ

“ಏನಲೇ ಸಮೀ, ಮುದುಕನ ಹೇಲು-ಉಚ್ಚಿ ಬಳದಿದ್ದೂ ಬಯೋಡಾಟಾದಾಗ ಬರಿಯಾಕತ್ತೀಯೇನು? ನಾಳಿಗೆ ಮುಸುರಿ ತಿಕ್ಕಿದ್ದೂ ಬರಿ!”

ರಾಯಚೂರು ಬಸ್ ನಿಲ್ದಾಣದ ಬದಿಯ ಝೆರಾಕ್ಸ್ ಅಂಗಡಿ. ಬೆಳಿಗ್ಗೆ ಆರು ಗಂಟೆ. ಪಕ್ಕದ ಕಂಪ್ಯೂಟರ್ ಸೆಂಟರಿನ ಪ್ರಭುರಾಜ ಶಟರ್ ಎತ್ತುತ್ತ ಎಸೆದ ಮಾತಿಗೆ, ಸಾಲಿನಲ್ಲಿ ನಿಂತ ನಾಲ್ಕು ಮಂದಿ ಕಿಸಕ್ಕನೆ ನಗುತ್ತಾರೆ. ಸಮೀಉಲ್ಲಾನ ಕಿವಿಗಳು ಕೆಂಪಗಾಗುತ್ತವೆ. ಬಯೋಡಾಟಾ ಟೈಪಿಸುವ ಬೆರಳು ಮಾತ್ರ ನಿಲ್ಲುವುದಿಲ್ಲ. ಎದುರಿನ ಸ್ಟೂಲಿನ ಮೇಲೆ ಕೂತ ಶಿವಗಂಗಾ ಬಾಯಿಗೆ ಸೆರಗು ಒತ್ತಿಕೊಂಡು ಹೇಳುತ್ತಾಳೆ: “ಆ ಸಾಲು ತಗದಬಿಡೋ ತಮ್ಮಾ.”

“ತಗಿಯಂಗಿಲ್ಲ ಅಕ್ಕಾ. ನೀವು ಮಾಡಿದ್ದರಾಗ ಅದಽ ದೊಡ್ಡ ಕೆಲಸ.”

ಮಾನ್ವಿಯ ನರ್ಸಿಂಗ್ ಹೋಮೊಂದಕ್ಕೆ ಆಯಾ ಬೇಕಾಗಿದ್ದಾಳೆ. ಇರುವುದು ಒಂದೇ ಜಾಗ, ಸಂದರ್ಶನ ಇಂದು ಹನ್ನೊಂದಕ್ಕೆ. ಐದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದ ಶಿವಗಂಗಾ, ಮಾವನಿಗೆ ಲಕ್ವ ಹೊಡೆದಾಗ ಕೆಲಸ ಬಿಟ್ಟವಳು. ಮೂರು ವರ್ಷ ಆತ ಹಾಸಿಗೆ ಬಿಟ್ಟು ಏಳಲಿಲ್ಲ. ಆತ ತೀರಿಕೊಂಡ ಮೇಲೆ ಎರಡು ಕಡೆ ಕೆಲಸ ಕೇಳಿದ್ದಾಳೆ. ಎರಡೂ ಕಡೆ ಒಂದೇ ಮಾತು: ಮೂರು ವರ್ಷ ಖಾಲಿ ಕೂತಿದ್ದೀಯಲ್ಲ? ಖಾಲಿಯಂತೆ! ಹಾಸಿಗೆ ಹಿಡಿದವನನ್ನು ಒಂದು ರಾತ್ರಿ ನೋಡಿಕೊಂಡಿದ್ದರೆ ಆ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

ಸಮೀಉಲ್ಲಾನ ಅಪ್ಪ ಹುಸೇನಪೀರ ಅಕ್ಕಿ ಗಿರಣಿಯ ಹಮಾಲನಾಗಿದ್ದ. ಮೂಟೆ ಬಿದ್ದು ಆತನ ಸೊಂಟ ಮುರಿದ ವರ್ಷ ಮಗನ ಒಂಬತ್ತನೇ ಕ್ಲಾಸು ಅರ್ಧಕ್ಕೇ ನಿಂತಿತು. ಝೆರಾಕ್ಸ್ ಅಂಗಡಿ ಸೇರಿದ ಹುಡುಗ ಎಲ್ಲರಂತೆ ಹಳೇ ಬಯೋಡಾಟಾ ತೆರೆದು ಹೆಸರಷ್ಟೇ ಬದಲಿಸಿ ಕೊಡುತ್ತಿದ್ದ. ಹಾಗೆ ಒಮ್ಮೆ ದೇವದುರ್ಗದ ಹುಲಿಗೆಪ್ಪನಿಗೂ ಕೊಟ್ಟ. ಹಳೇ ಹಾಳೆಯಲ್ಲಿದ್ದ ‘ಅನುಭವ: ಇಲ್ಲ’ ಹಾಗೇ ಉಳಿಯಿತು. ಹುಲಿಗೆಪ್ಪ ಹನ್ನೊಂದು ವರ್ಷ ಗಿರಣಿಯ ಬಾಯ್ಲರ್ ಮುಂದೆ ಬೆಂದವನು.

“ಕೆಲಸ ಸಿಗಲಿಲ್ಲ ಅಂತ ಬೈಲಿಲ್ರಿ ಆತ. ಹಂಗಾದ್ರ ಹನ್ನೊಂದು ವರ್ಷ ನಾ ಏನ್ ಮಾಡಿದ್ನೋ ಅಂತ ಕೇಳಿದ. ಎರಡು ದಿನ ಊಟ ಸೇರಲಿಲ್ಲ ನನಗ,” ಎಂದು ಕೇಳಿದವರಿಗೆಲ್ಲ ಹೇಳುತ್ತಾನೆ ಸಮೀಉಲ್ಲಾ.

ಅಂದಿನಿಂದ ಹಳೇ ಹಾಳೆ ತೆರೆಯುವುದಿಲ್ಲ. ಒಬ್ಬೊಬ್ಬರಿಗೆ ಅರ್ಧ ತಾಸು, ದಿನಕ್ಕೆ ಹದಿನೈದು ಮಂದಿ. ವಾರಕ್ಕೊಮ್ಮೆ ದೇವದುರ್ಗ, ಒಮ್ಮೆ ಮಾನ್ವಿ. ಚೀಲದಲ್ಲಿ ಲ್ಯಾಪ್‌ಟಾಪು, ಪುಟ್ಟ ಪ್ರಿಂಟರು. ‘ಏನು ಓದಿದ್ದೀರಿ’ ಎಂದು ಮೊದಲು ಕೇಳುವುದಿಲ್ಲ. ‘ಕೆಲಸಕ್ಕ ಹೋದ ಕೂಡಲೇ ಮೊದಲ ಏನ್ ಮುಟ್ತೀರಿ?’ ಎನ್ನುತ್ತಾನೆ. ಒಂದೇ ಪುಟ. ಕೇಳಿದ ಕೆಲಸಕ್ಕೆ ಬೇಕಾದದ್ದು ಮೇಲೆ, ಉಳಿದದ್ದು ಕೆಳಗೆ. ಕೊಟ್ಟ ನಂಬರಿಗೆ ತಾನೇ ರಿಂಗ್ ಕೊಟ್ಟು ನೋಡುತ್ತಾನೆ. ಸಿಮ್ ಬದಲಿಸಿ ಕರೆ ತಪ್ಪಿಸಿಕೊಂಡವರನ್ನು ಬೇಕಾದಷ್ಟು ಕಂಡಿದ್ದಾನೆ. ‘ಹವ್ಯಾಸ: ಸಂಗೀತ ಕೇಳುವುದು’ ಎಂದು ಬರೆಸಲು ಬಂದವರಿಗೆ, “ಹಾಡು ಕೇಳಾಕ ಯಾರ್ ಪಗಾರ ಕೊಡ್ತಾರ್ರೀ?” ಎಂದು ನಗಿಸುತ್ತಾನೆ. ಸುಳ್ಳು ಸರ್ಟಿಫಿಕೇಟು ಕೇಳಿದವರ ಜೊತೆ ನಗುವುದಿಲ್ಲ.

ಇಂದು ಮಾನ್ವಿಯ ಪಾಳಿ. ಶಿವಗಂಗಾಳ ಜೊತೆ ಅದೇ ಬಸ್ಸಿಗೆ ಬಂದ ಸಮೀಉಲ್ಲಾ, ಆಕೆ ಧೈರ್ಯಕ್ಕೆ ಕರೆದಳೆಂದು ನರ್ಸಿಂಗ್ ಹೋಮಿನ ಬಾಗಿಲವರೆಗೂ ಬಂದಿದ್ದಾನೆ. ಒಳಗೆ ಮ್ಯಾನೇಜರ್ ಬಸವಪ್ರಸಾದ ಹಾಳೆ ಓದುತ್ತಾನೆ: “ಮೂರು ವರ್ಷ ಮಾವನ ಆರೈಕೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ್ದು, ನಳಿಗೆಯಿಂದ ಊಟ ಕೊಟ್ಟಿದ್ದು. ಬೆನ್ನಿಗೆ ಒಂದೂ ಹುಣ್ಣಾಗಿಲ್ಲ.” ತಲೆ ಎತ್ತುತ್ತಾನೆ. “ಮನಿ ಮಂದಿನ್ನ ನೋಡಿಕೊಂಡಿದ್ದು ಅನುಭವ ಹೆಂಗಾಗ್ತದವ್ವಾ?”

ಶಿವಗಂಗಾ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ. “ಆಸ್ಪತ್ರ್ಯಾಗ ಪಾಳಿ ಮುಗೀತದ ಸರ್, ಮನ್ಯಾಗ ಮುಗಿಯಂಗಿಲ್ಲ. ನಂಬಿಕಿ ಇಲ್ಲಂದ್ರ ಒಬ್ಬ ಪೇಶಂಟ್ ತೋರಸ್ರಿ.”

ವಾರ್ಡಿನ ಮೊದಲ ಹಾಸಿಗೆಯಲ್ಲಿ ಒಬ್ಬ ಮುದುಕಿ. ಶಿವಗಂಗಾ ಕಿವಿಯ ಹತ್ತಿರ ಬಾಗಿ, “ಯವ್ವಾ, ಈ ಕಡಿ ಹೊಳ್ಳಿಸ್ತೀನಿ, ಹಾಂ?” ಎನ್ನುತ್ತಾಳೆ. ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ, ಮೊಣಕಾಲುಗಳ ನಡುವೆ ದಿಂಬು. ಮುದುಕಿ ನರಳುವುದಿಲ್ಲ. ಶಿವಗಂಗಾ ಆಕೆಯ ಸೀರೆಯ ಮಡಿಕೆಯನ್ನೂ ಬೆನ್ನಿನಡಿಯಿಂದ ಎಳೆದು ಸರಿಮಾಡುತ್ತಾಳೆ.

“ಸೋಮವಾರದಿಂದ ಬಾರವ್ವಾ,” ಎಂದ ಬಸವಪ್ರಸಾದ, ಬಾಗಿಲಲ್ಲಿ ನಿಂತವನತ್ತ ತಿರುಗುತ್ತಾನೆ. “ಇಷ್ಟೆಲ್ಲಾ ನೀನಽ ಹೇಳಿಕೊಟ್ಟು ಕರಕೊಂಡು ಬಂದಿಯೇನೋ?”

ಸಮೀಉಲ್ಲಾ ಮುದುಕಿಯ ಹೊದಿಕೆ ಸರಿಮಾಡುತ್ತಿರುವ ಶಿವಗಂಗಾಳ ಕೈಗಳನ್ನೊಮ್ಮೆ ನೋಡುತ್ತಾನೆ. ಚೀಲ ಹೆಗಲಿಗೇರಿಸಿ, “ನಾ ಬರದಿದ್ದಷ್ಟಽ ಸರ್,” ಎಂದು ಮೆಟ್ಟಿಲಿಳಿದು ಹೋಗುತ್ತಾನೆ.