ನಾಲ್ಕು ಬೆರಳಿನ ಪಾದ

ಕೋಳಿ ಕೂಗುವ ಹೊತ್ತಿಗೆ ಸಿಂಧನೂರಿನ ಕಡೆಯಿಂದ ಜೋಳದ ಬಂಡಿಗಳು ಮಸ್ಕಿಯ ಸಂತೆ ಬಯಲಿಗೆ ಬಂದು ನಿಲ್ಲುತ್ತವೆ. ಹಮಾಲರು ಒಬ್ಬೊಬ್ಬರಾಗಿ ಚೀಲಕ್ಕೆ ಹೆಗಲು ಕೊಡುತ್ತಾರೆ. ಯಂಕೋಬನ ರೀತಿಯೇ ಬೇರೆ. ಬಂಡಿಗೆ ಬೆನ್ನು ಮಾಡಿ ಕುಕ್ಕರಿಸುತ್ತಾನೆ, ಚೀಲಕ್ಕೆ ಸುತ್ತಿದ ನಾರಿನ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಳ್ಳುತ್ತಾನೆ, ಕತ್ತು ಮುಂದೆ ಚಾಚಿ ಒಂದೇ ಉಸಿರಿಗೆ ಏಳುತ್ತಾನೆ. ಹೊಸಬರು ನಗುತ್ತಾರೆ. ನಲವತ್ತು ಚೀಲ ಇಳಿಯುವ ಹೊತ್ತಿಗೆ ನಕ್ಕವರೆಲ್ಲ ಹೆಗಲು ತಿಕ್ಕಿಕೊಳ್ಳುತ್ತಿರುತ್ತಾರೆ, ಇವನು ನಿಶ್ಚಿಂತೆಯಿಂದ ಬೀಡಿ ಹಚ್ಚುತ್ತಿರುತ್ತಾನೆ.

ಈ ವಿದ್ಯೆ ಮಸ್ಕಿಯದಲ್ಲ, ಹಿಮಾಲಯದ್ದು. ಎಂಟು ವರ್ಷದ ಹಿಂದೆ, ಬೇಸಿಗೆಯಲ್ಲಿ, ಧಾನ್ಯದ ಸಾಹುಕಾರ ಕರಿಬಸಪ್ಪನವರು ಕೇದಾರಯಾತ್ರೆಗೆ ಹೊರಟಾಗ ಗಂಟು ಹೊರಲು ಯಂಕೋಬನನ್ನು ಕರೆದೊಯ್ದರು. ರಾಯಚೂರಿನ ತನಕ ಬಂಡಿ, ಆಮೇಲೆ ರೈಲು. ಋಷಿಕೇಶದಿಂದ ಆಚೆಗೆ ಕಾಲೇ ಗತಿ. ಹದಿನೆಂಟು ದಿನದ ನಡಿಗೆ, ಏರಿದಷ್ಟೂ ಮುಗಿಯದ ಬೆಟ್ಟ.

ಮಸ್ಕಿಯ ಗುಡ್ಡಕ್ಕಿಂತ ಎತ್ತರವಾದದ್ದನ್ನು ಕಂಡವನಲ್ಲ ಯಂಕೋಬ. ನಮ್ಮ ಕಡೆಯ ರೂಢಿಯಂತೆ ತಲೆಗೆ ಸಿಂಬಿ ಇಟ್ಟು ಅದರ ಮೇಲೆ ಗಂಟು ಹೊತ್ತು ನಡೆದ. ಎರಡನೆಯ ದಿನ ದಾರಿ ಬಂಡೆಯ ಸೂರಿನಡಿ ಹಾಯುವಲ್ಲಿ ಗಂಟು ಮೇಲಿನ ಕಲ್ಲಿಗೆ ಬಡಿಯಿತು, ಇವನು ಹೊಳೆಯ ಕಡೆಗೆ ಜೋಲಿ ಹೊಡೆದ. ಹಿಂದೆ ಬರುತ್ತಿದ್ದ ಬೆಟ್ಟದ ಹಮಾಲನೊಬ್ಬ ಧೋತರ ಹಿಡಿದು ಎಳೆಯದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಣೆಪಟ್ಟಿ ಕಟ್ಟುವುದನ್ನು ಅದೇ ಹಮಾಲ ಅದೇ ಸಂಜೆ ಕಲಿಸಿಕೊಟ್ಟ.

“ನಮ್ಮ ಕಡೆ ತಲಿ ಮ್ಯಾಲೆ ಬರೇ ಆಕಾಶ ಇರತೈತ್ರಿ,” ಎನ್ನುತ್ತಾನೆ ಯಂಕೋಬ. “ಅಲ್ಲೆ ತಲಿ ಮ್ಯಾಲೂ ಕಲ್ಲು ಇರತಾವಂತ ನನಗೇನು ಗೊತ್ತು?”

ಗುಪ್ತಕಾಶಿಗೆ ಬರುವಷ್ಟರಲ್ಲಿ ಸಾಹುಕಾರರ ಮೊಣಕಾಲು ಕೈಕೊಟ್ಟವು. ಅಲ್ಲಿ ಯಾತ್ರಿಕರನ್ನು ಬೆತ್ತದ ಬುಟ್ಟಿಯಲ್ಲಿ ಕೂರಿಸಿ ಹೊರುವವರಿಗೆ ಬರವಿರಲಿಲ್ಲ. ಆದರೆ ಗುರುತಿಲ್ಲದವರ ಬೆನ್ನಿಗೆ ಜೀವ ಒಪ್ಪಿಸಲು ಸಾಹುಕಾರರು ಸುತರಾಂ ಒಪ್ಪಲಿಲ್ಲ. ಗಂಟುಮೂಟೆ ಹಣೆಪಟ್ಟಿ ಕಲಿಸಿದ ಆ ಹಮಾಲನ ಮತ್ತು ಅವನ ಜೊತೆಯವರ ಬೆನ್ನಿಗೆ ಹೋಯಿತು, ಸಾಹುಕಾರರು ಬುಟ್ಟಿಯಲ್ಲಿ ಕೂತು ಯಂಕೋಬನ ಬೆನ್ನಿಗೆ ಬಂದರು. ಹೋಗುತ್ತ ಇಪ್ಪತ್ತೈದು ಮೈಲಿ, ಬರುತ್ತ ಇಪ್ಪತ್ತೈದು. ಬರಿಗಾಲು.

ಕೊನೆಯ ಏರಿನಲ್ಲಿ ಹಿಮದ ಮೇಲಿಂದ ಕಲ್ಲೊಂದು ಉರುಳಿ ಬಂತು. ಅದು ಬರುವುದನ್ನು ಅವನು ಕಂಡಿದ್ದ.

“ಬೆನ್ನ ಮ್ಯಾಲೆ ಸಾಹುಕಾರ್ರು ಇರಲಿಲ್ಲಂದ್ರ ಹಾರತಿದ್ದೆ. ಹಾರಿದ್ರ ಅವರು ಬೀಳತಿದ್ರು. ನಿಂತೆ.”

ಬಲಗಾಲಿನ ಕಿರುಬೆರಳು ಜಜ್ಜಿ ಜೋತುಬಿತ್ತು. ಹಾಗೆಯೇ ಸಾಹುಕಾರರನ್ನು ಗುಡಿಯ ಬಾಗಿಲಿಗೆ ಮುಟ್ಟಿಸಿದ. ಸಾಹುಕಾರರು ದರ್ಶನಕ್ಕೆ ಒಳಗೆ ಹೋದರು. ಇವನಿಗೆ ಹೊರಗೆ ಗಂಟು ಕಾಯಲು ಹೇಳಿದರು. ಸಂಜೆ ಆ ಬೆಟ್ಟದ ಹಮಾಲನೇ ಕುಡುಗೋಲು ಕಾಯಿಸಿ ಬೆರಳನ್ನು ಕತ್ತರಿಸಿ, ಗುಡಿಯ ಹಿಂದೆ ಒಂದು ಕಲ್ಲಿನಡಿ ಹೂತಿಟ್ಟ. ಸಾಹುಕಾರರು ಗಾಯಕ್ಕೆಂದು ಒಂದು ಚಿಟಿಕೆ ವಿಭೂತಿ ಕಳಿಸಿದರು. ಮರುದಿನ ಬೆಳಿಗ್ಗೆ ಮತ್ತೆ ಬುಟ್ಟಿಯಲ್ಲಿ ಕೂತರು. ಮನುಷ್ಯನನ್ನು ಹೊತ್ತು ದೇವರ ಬಾಗಿಲ ತನಕ ಹೋದವನು ದೇವರನ್ನು ಕಾಣದೆ ಕುಂಟುತ್ತ ಇಳಿದು ಬಂದ. ಹೊಟ್ಟೆ ಉರಿಯದೆ ಇದನ್ನು ಬರೆಯುವುದು ಹೇಗೆ?

ಊರಿಗೆ ಮರಳಿದ ದಿನ ಲಿಂಗಸುಗೂರಿನಿಂದ ಬೀಗರೆಲ್ಲ ಬಂದು ಸಾಹುಕಾರರಿಗೆ ಹಾರ ಹಾಕಿ ಮೆರವಣಿಗೆ ಮಾಡಿದರು. ಯಂಕೋಬ ಮೆರವಣಿಗೆಯ ಬಾಲದಲ್ಲಿ ಗಂಟು ಹೊತ್ತಿದ್ದ. “ಊರ ತುಂಬ ಹಲಗಿ ಬಡಿಯಾಕತ್ತಿದ್ರು,” ಎನ್ನುತ್ತಾಳೆ ಅವನ ಹೆಂಡತಿ ಪಕೀರಮ್ಮ. “ನಾ ಈ ಮನಷ್ಯಾನ ಕಾಲು ತೊಳಕೋಂತ ಅಳಾಕತ್ತಿದ್ದೆ.”

ಇಷ್ಟಕ್ಕೇ ಮುಗಿದಿದ್ದರೆ ಯಂಕೋಬನೂ ಮರೆಯುತ್ತಿದ್ದನೇನೋ. ಈಗ ಸಾಹುಕಾರರಿಗೆ ಮಠದ ಅಂಗಳದಲ್ಲಿ ಯಾತ್ರೆಯ ಕಲ್ಲು ನೆಡಿಸುವ ಹುಕಿ ಬಂದಿದೆ. ಇಂಥ ಕಲ್ಲಿಗೆ ಒಂದು ಪದ್ಧತಿ ಉಂಟು. ಯಾತ್ರೆ ಮಾಡಿ ಬಂದವರು ಪಾದಕ್ಕೆ ಕೆಮ್ಮಣ್ಣು ಬಳಿದುಕೊಂಡು ಚಪ್ಪಡಿಯ ಮೇಲೆ ನಿಲ್ಲಬೇಕು, ಬಿದ್ದ ಗುರುತನ್ನೇ ಕಲ್ಲುಕುಟಿಗ ಕಡೆಯಬೇಕು. ಕೆಸರಿನಲ್ಲಿ ನಿಲ್ಲಲು ಸಾಹುಕಾರರಿಗೆ ಪುರಸೊತ್ತಾಗಲಿಲ್ಲ. ಯಾರದಾದರೂ ಅಳತೆ ತೆಗೆದುಕೋ, ಕಾಲು ಕಾಲೇ, ಎಂದು ಹೇಳಿಕಳಿಸಿದರು. ಆಗ ಕಲ್ಲುಕುಟಿಗ ಬುಡ್ಡೇಸಾಬರ ಚಪ್ಪರದಲ್ಲಿ ಇದ್ದವನು ಯಂಕೋಬ, ಲಿಂಗಸುಗೂರು ರಸ್ತೆಯ ಕ್ವಾರಿಯಿಂದ ಆ ಚಪ್ಪಡಿಯನ್ನು ಬೆನ್ನ ಮೇಲೆ ತಂದು ಆಗಷ್ಟೇ ಇಳಿಸಿದ್ದ. ಬುಡ್ಡೇಸಾಬರು ಅವನನ್ನೇ ಕಲ್ಲಿನ ಮೇಲೆ ನಿಲ್ಲಿಸಿದರು. ಬಿದ್ದ ಗುರುತು ಬಿದ್ದ ಹಾಗೆಯೇ ಕಡೆದರು, ಎಡಗಾಲಿಗೆ ಐದು ಬೆರಳು, ಬಲಗಾಲಿಗೆ ನಾಲ್ಕು.

ಕೆಳಗೆ ಅಕ್ಷರ: ‘ಕಾಲ್ನಡಿಗೆಯಿಂದ ಕೇದಾರ ದರ್ಶನ ಮಾಡಿದ ಸಾಹುಕಾರ ಕರಿಬಸಪ್ಪನವರ ಪಾದಗಳು.’ ಯಾರ ಕಾಲು, ಯಾರ ನಡಿಗೆ? ಕೇಳುವವರಿಲ್ಲ.

ನಿನ್ನೆ ಸಾಹುಕಾರರು ಕಲ್ಲು ನೋಡಲು ಬಂದು ಕೆಂಡವಾದರಂತೆ. ಯಾತ್ರಿಕನ ಪಾದ ಊನವಾಗಿರಬಾರದು, ಇನ್ನೊಂದು ಬೆರಳು ಕೆತ್ತು, ಸೋಮವಾರ ಸ್ಥಾಪನೆ, ಎಂದು ತಾಕೀತು ಮಾಡಿ ಹೋಗಿದ್ದಾರೆ. ಮನುಷ್ಯನ ಕಾಲು ಬಳಸಿಕೊಂಡರು, ಕಾಲಿನ ಗುರುತು ತೆಗೆದುಕೊಂಡರು, ಈಗ ಅವನ ಗಾಯವನ್ನೂ ಅಳಿಸಬೇಕಾಗಿದೆ.

ಇಂದು ಚೀಲ ಇಳಿಸಿ ಮುಗಿಸಿದ ಯಂಕೋಬ ಸೀದಾ ಆ ಚಪ್ಪರಕ್ಕೆ ಬರುತ್ತಾನೆ. ಸೋಮವಾರ ಕಲ್ಲನ್ನು ಮಠಕ್ಕೆ ಹೊರಬೇಕಾದವನೂ ಅವನೇ. ಓದು ಬಾರದ ಅವನಿಗೆ ಬುಡ್ಡೇಸಾಬರು ಅಕ್ಷರ ಓದಿ ಹೇಳುತ್ತಾರೆ. ಅದಕ್ಕೆ ಅವನು ಸಿಟ್ಟಾಗುವುದಿಲ್ಲ. ಉಳಿ ಬಲಪಾದದ ಬದಿಗೆ ಬಂದಾಗ ಮಾತ್ರ ಕೈ ಅಡ್ಡ ಹಿಡಿಯುತ್ತಾನೆ.

“ಹೆಸರು ಅವರದೇ ಇರ್ಲಿ ಕಾಕಾ. ದೇವರನ್ನ ನೋಡಿದವರೂ ಅವರೇ. ಆ ಬೆರಳೊಂದು ಕೆತ್ತಬ್ಯಾಡ. ಅದು ಗುಡಿ ಹಿಂದ ಐತಿ. ನಂದಂತ ದೇವರ ಹತ್ರ ಇರೋದು ಅದೊಂದೇ.”

ಬುಡ್ಡೇಸಾಬರು ಉಳಿ ಕೆಳಗಿಡುತ್ತಾರೆ. ಸಾಹುಕಾರರು ಕೇಳಿದರೆ ಏನು ಹೇಳಲಿ ಎಂದು ಅವರ ಚಿಂತೆ.

ಯಂಕೋಬ ಹಣೆಪಟ್ಟಿಯನ್ನು ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. “ಐದನೇ ಬೆರಳು ಬೇಕಾದ್ರ ಕೇದಾರಕ್ಕ ಹೋಗಿ ತಗೊಂಡು ಬರ್ರಿ ಅನ್ನು,” ಎನ್ನುತ್ತಾನೆ. “ಈ ಸಲ ನಡಕೋಂತ.”