ಕಳೆಯದೆ ಬಿಟ್ಟ ಒಂದು ನಿಮಿಷ

ಮಾಳವ್ವನ ಸೈಕಲ್ ಓಟದ ಸಮಯವನ್ನು ನಾನು ಸುಳ್ಳು ಬರೆದೆ. ಕಣ್ತಪ್ಪಲ್ಲ, ಕೈತಪ್ಪಲ್ಲ — ಬೇಕೆಂದೇ ಬರೆದೆ. ನಾಳೆ ಅದೇ ಮಾಳವ್ವನ ಪಕ್ಕದಲ್ಲಿ ಕೂರಿಸಿ ನನಗೆ ಹಾರ ಹಾಕುವವರಿದ್ದಾರೆ. ಹಾಕಿಸಿಕೊಳ್ಳುವುದಿಲ್ಲ.

ನಾನು ಇಂಡಿ ತಾಲ್ಲೂಕಿನ ನಿವೃತ್ತ ದೈಹಿಕ ಶಿಕ್ಷಕ. ನಮ್ಮ ಕಡೆಯ ಮಕ್ಕಳಿಗೆ ಸೈಕಲ್ ಎಂದರೆ ಪ್ರಾಣ. ಅಗರಖೇಡದ ಕುರಿಗಾರರ ಮನೆಯ ಮಾಳವ್ವ ಮೊನ್ನೆ ದೇಶದ ಹೆಸರಿರುವ ಅಂಗಿ ತೊಟ್ಟು ಪರದೇಶದಲ್ಲಿ ಸೈಕಲ್ ಓಡಿಸಿ ಪದಕ ತಂದಳು. ಇಂಡಿಯಿಂದ ಸಿಂದಗಿವರೆಗೆ ಬ್ಯಾನರ್ ಕಟ್ಟಿದ್ದಾರೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೂ ಸತ್ಕಾರಕ್ಕೆ ದಿನ ಕೇಳುತ್ತಿದ್ದಾರೆ. ಕೇಳಲಿ, ಅದು ಅವಳಿಗೆ ಸಲ್ಲಬೇಕು. ಆದರೆ ಬ್ಯಾನರಿನ ಮೂಲೆಯಲ್ಲಿ ನನ್ನ ಫೋಟೋ, ಅದರ ಕೆಳಗೆ 'ಮೊದಲ ಗುರು' ಎಂಬ ಅಕ್ಷರ — ಯಾರಪ್ಪನ ಮನೆಯ ಗುರು ನಾನು!

ಅವಳು ಹೈಸ್ಕೂಲಿನಲ್ಲಿದ್ದಾಗ ಕ್ರೀಡಾ ಹಾಸ್ಟೆಲಿಗೆ ನಮ್ಮಲ್ಲಿಂದ ಒಬ್ಬ ಹುಡುಗಿಯನ್ನು ಆರಿಸಿ ಕಳಿಸಬೇಕಿತ್ತು. ಲಚ್ಯಾಣದ ರಸ್ತೆಯಲ್ಲಿ ಸ್ಪರ್ಧೆ ಇಟ್ಟೆ. ಮೂವರು ಹುಡುಗಿಯರು, ಒಂದೊಂದು ನಿಮಿಷ ಬಿಟ್ಟು ಒಬ್ಬೊಬ್ಬರನ್ನೇ ಬಿಡುವುದು. ನನ್ನ ಕೈಯಲ್ಲಿದ್ದದ್ದು ಒಂದೇ ಸ್ಟಾಪ್‌ವಾಚ್. ಮೊದಲನೆಯವಳು ಹೊರಟಾಗ ಒತ್ತಿದರೆ ಮುಗಿಯುವತನಕ ಓಡುತ್ತಲೇ ಇರುತ್ತದೆ. ಎರಡನೆಯವಳ ಸಮಯದಲ್ಲಿ ಒಂದು ನಿಮಿಷ ಕಳೆಯಬೇಕು, ಮೂರನೆಯವಳದರಲ್ಲಿ ಎರಡು. ಮೊದಲು ಹೊರಟವಳು ನನ್ನ ತಂಗಿಯ ಮಗಳು ಸವಿತಾ. ಕೊನೆಗೆ ಹೊರಟವಳು ಮಾಳವ್ವ — ಅಣ್ಣನ ಕಬ್ಬಿಣದ ಸೈಕಲ್ ಮೇಲೆ, ಬರಿಗಾಲಲ್ಲಿ.

ಗುರಿ ಮುಟ್ಟಿದಾಗಲೇ ನನಗೆ ಗೊತ್ತಾಯಿತು, ಗೆದ್ದವಳು ಮಾಳವ್ವ. ಹಾಳೆಯ ಮೇಲೆ ಎರಡು ನಿಮಿಷ ಕಳೆಯಬೇಕಾದಲ್ಲಿ ಒಂದೇ ಕಳೆದೆ. ಅಷ್ಟೇ. ಅಷ್ಟಕ್ಕೇ ಸವಿತಾ ಮೊದಲಾದಳು. ತಂಗಿ ಕೇಳಿಕೊಂಡಿದ್ದಳು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಅವಳು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಫಲಿತಾಂಶ ಓದಿದ ಮೇಲೆ ಮಾಳವ್ವ ಸೈಕಲ್ ಹಿಡಿದುಕೊಂಡೇ ಹತ್ತಿರ ಬಂದಳು. "ಸರ, ನಾ ಮೂರನೇದಾಕಿ ಹೊಂಟಿದ್ನಿ ಅಲ್ರಿ?"

"ನನಗ ಲೆಕ್ಕಾ ಕಲಸ್ತಿ ಏನ?" ಎಂದೆ.

ಅವಳಪ್ಪ ಬೇವಿನ ಮರದ ಕೆಳಗೆ ಕಂಬಳಿ ಹೆಗಲಿಗೇರಿಸಿಕೊಂಡು ನಿಂತಿದ್ದರು. ನನಗೆ ಕೈ ಮುಗಿದು, ಮಗಳನ್ನು ಕರೆದುಕೊಂಡು ಹೋದರು. ಆ ಕೈಮುಗಿತ — ಬೇಡ, ಅದನ್ನು ಹೇಗೆ ಬರೆಯಲಿ.

ಸವಿತಾ ಆರು ತಿಂಗಳಿಗೆ ಹಾಸ್ಟೆಲ್ ಬಿಟ್ಟು ಮನೆಗೆ ಬಂದಳು. ಅವಳಿಗೆ ಸೈಕಲ್ಲೇ ಬೇಕಿರಲಿಲ್ಲ. ಬೇಕಾದವಳು ಮೂರು ವರ್ಷ ಹಾಲಿನ ಕ್ಯಾನು ಕಟ್ಟಿಕೊಂಡು ಅದೇ ಕಬ್ಬಿಣದ ಸೈಕಲ್ ತುಳಿದಳು. ಆಮೇಲೆ ಯಾವುದೋ ಊರಿನ ರೇಸಿನಲ್ಲಿ ಹೊರಗಿನ ತರಬೇತುದಾರರೊಬ್ಬರ ಕಣ್ಣಿಗೆ ಬಿದ್ದಳು. 'ಕಷ್ಟ ಅವಳನ್ನು ಗಟ್ಟಿ ಮಾಡಿತು' ಎನ್ನುವವರೇ, ನಿಮ್ಮ ಮಕ್ಕಳ ಮೂರು ವರ್ಷ ಕೊಟ್ಟು ನೋಡಿ. ಅವಳು ಗೆದ್ದದ್ದು ನನ್ನಿಂದಲ್ಲ, ನಾನಿದ್ದರೂ ಗೆದ್ದಳು. ಯಾರಾದರೂ ಅವಳ ವೇಗದ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಿದ್ದೇನೆ, ಇಷ್ಟು ವರ್ಷ.

ಸತ್ಕಾರ ಸಮಿತಿಯ ಅಧ್ಯಕ್ಷರಿಗೆ ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು. "ಸರ, ಖುಷಿ ದಿನಾ ಐತಿ. ಸುಮ್ಮ ಹಾರಾ ಹಾಕ್ಕೊಂಡು ಕುಂದರ್ರಿ. ಊರ ಮರ್ಯಾದಿ ಹೊಕ್ಕೈತಿ."

ಊರಿನ ಮರ್ಯಾದೆ ಮೊನ್ನೆ ಅವಳ ಕೊರಳಲ್ಲಿ ಬಂತು. ಹೋಗುವುದಿದ್ದರೆ ನನ್ನದು ಹೋಗಲಿ.

ನಿನ್ನೆ ಬೆಳಿಗ್ಗೆ ಅಗರಖೇಡಕ್ಕೆ ಹೋದೆ. ಮಾಳವ್ವ ಅಂಗಳದಲ್ಲಿ ಚಾಪೆ ಹಾಸಿದಳು. ಅವಳಪ್ಪನ ಕಂಬಳಿ ಗೂಟದಲ್ಲಿತ್ತು, ಅವರಿರಲಿಲ್ಲ — ತೀರಿಹೋಗಿ ಎರಡು ವರ್ಷವಾಯಿತು. ನಾನು ಹೇಳಿ ಮುಗಿಸುವತನಕ ಅವಳು ತಲೆ ಎತ್ತಲಿಲ್ಲ.

"ಗೊತ್ತಿತ್ರಿ ಸರ," ಎಂದಳು. "ನಮ್ಮಪ್ಪ ಕುರಿ ಎಣಸಾಂವ್ರಿ. ಲೆಕ್ಕ ತಪ್ಪಿದ್ದು ಅವಗ ಅವತ್ತ ತಿಳಿದಿತ್ತು. ಮಾಸ್ತರಿಗೆ ಎದುರ ಮಾತಾಡಬಾರ್ದು ನಡೀ ಅಂದ."

ಸತ್ಕಾರದ ದಿನ ಎಲ್ಲರ ಮುಂದೆ ಹೇಳುತ್ತೇನೆ ಎಂದೆ.

"ಹೇಳ್ರಿ. ಆದ್ರ ಮೈಕಿನ ಮುಂದ ಅಳಬ್ಯಾಡ್ರಿ. ನೀವು ಅತ್ರ ಮಂದಿ ನಿಮ್ಮನ್ನ ಸಮಾಧಾನ ಮಾಡ್ತಾರ."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಆ ಹಾಳೆಯನ್ನು ಹರಿಯಲು ಧೈರ್ಯವಾಗದೆ ಟ್ರಂಕಿನಲ್ಲಿಟ್ಟಿದ್ದೆ. ನಾಳೆ ಅಂಗಿಯ ಜೇಬಿನಲ್ಲಿ ಒಯ್ಯುತ್ತೇನೆ. ಮೈಕು ಕೊಡದಿದ್ದರೆ ಬಯಲಿನಲ್ಲಿ ನಿಂತು ಕೂಗುತ್ತೇನೆ. ಪಿ.ಟಿ. ಮಾಸ್ತರನ ಗಂಟಲು, ಇನ್ನೂ ಸತ್ತಿಲ್ಲ. ಅಳುವುದಿಲ್ಲ. ಅವಳಪ್ಪ ಕೇಳಬೇಕಾಗಿದ್ದ ಆ ಫಲಿತಾಂಶವನ್ನು, ಎರಡು ನಿಮಿಷ ಕಳೆದು, ಮೊದಲನೆಯ ಹೆಸರಿನಿಂದ ಓದುತ್ತೇನೆ.